ಸದ್ದಿಲ್ಲದೆ ಗೆದ್ದ ಮಂಜಿನಾಟ

ಆಗೆಲ್ಲ ನಾವು ವಿಡಿಯೊ ಗೇಮನ್ನು ಆಡುವುದಷ್ಟೇ ಅಲ್ಲ, ಹೇಳುತ್ತಲೂ ಇದ್ದೆವು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೊಡ್ಡವರು ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬರ ಮನೆಯ ಮದುವೆ, ಇನ್ನೊಬ್ಬರ ಮಂಡಿನೋವು ಎಲ್ಲ ವಿಚಾರಿಸಿಕೊಳ್ಳುವಷ್ಟು ಹೊತ್ತು, ಮಕ್ಕಳಾದ ನಾವು ಕಾಂಪೌಂಡಿನ ಮಳೆಮರದ ಕೆಳಗೆ ಗುಂಪಾಗಿ ಕೂರುತ್ತಿದ್ದೆವು. ಯಾರಾದರೊಬ್ಬರು ತಾವು ಆಡಿದ ಗೇಮನ್ನು ಉಪ್ಪು ಖಾರ ಹಚ್ಚಿ ಹೇಳುವುದು, ಮಿಕ್ಕವರು ಬಾಯಿ ಬಿಟ್ಟುಕೊಂಡು ಕೇಳುವುದು. ಕಟ್ಟಳೆ ಒಂದೇ ಇತ್ತು. ಕೊನೆಯವರೆಗೆ ಆಡಿ ಮುಗಿಸದ ಗೇಮನ್ನು ಹೇಳುವಂತಿಲ್ಲ. ಹೇಳಿ ಸಿಕ್ಕಿಬಿದ್ದವರಿಗೆ ಮರದ ಕೆಳಗೆ ಜಾಗವಿಲ್ಲ.

ನಾನು ಯಾವತ್ತೂ ಕೇಳುವವಳೇ. ಹೇಳುವವನು ನನ್ನ ದೊಡ್ಡಪ್ಪನ ಮಗ ಆಲ್ವಿನ್. ಸರಸ್ವತಿಪುರಂನ ಅವರ ಮನೆಯಲ್ಲಿ ದೊಡ್ಡ ಟೀವಿ, ಅದಕ್ಕೆ ಜೋಡಿಸಿದ ಹೊಸ ಕಂಪ್ಯೂಟರ್, ನೆಲದ ಮೇಲೆ ನಿಂತರೆ ನನ್ನ ಸೊಂಟಕ್ಕೆ ಬರುವ ಸ್ಪೀಕರ್‌ಗಳು ಎಲ್ಲ ಇದ್ದವು. ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿದ್ದದ್ದು ಅಪ್ಪನ ಆಫೀಸಿನವರು ಇನ್ನು ಬೇಡವೆಂದು ಕೈಬಿಟ್ಟ ಕಂಪ್ಯೂಟರ್. ಆಲ್ವಿನ್ ಆಡುವಂಥ ಗೇಮನ್ನು ಅದಕ್ಕೆ ಹಾಕಿದರೆ ಗರಗರ ಅಂದು ಅಲ್ಲೇ ನಿಂತುಬಿಡುತ್ತಿತ್ತು. ಒಂದೇ ಒಂದು ಸಲ ಆ ಮರದ ಕೆಳಗೆ ನಾನು ಹೇಳಬೇಕು, ಎಲ್ಲರೂ ಕೇಳಬೇಕು ಅನ್ನುವ ಆಸೆಯಲ್ಲಿ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಏಳನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಭಾಗ್ಯ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದಳು. ಅವಳ ಅಪ್ಪ ನಂಜನಗೂಡಿನ ಕಡೆಯ ಬೇಸಾಯದ ಮನೆಯವರು, ಇಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದರು. ಅವಳ ಅಣ್ಣ ಕಾಲೇಜಿನಿಂದ ತುಂಬಿಸಿಕೊಂಡು ಬಂದಿದ್ದ ಪುಟ್ಟಪುಟ್ಟ ಗೇಮುಗಳು ಅದರಲ್ಲಿದ್ದವು. ದೊಡ್ಡ ಕಂಪನಿಯವು ಒಂದೂ ಇಲ್ಲ. ಎಲ್ಲ ಎಲ್ಲೋ ಯಾರೋ ಒಬ್ಬರು ಇಬ್ಬರು ಕೂತು ಮಾಡಿ ಪುಕ್ಕಟೆ ಹಂಚಿದ್ದು. ಒಂದರಲ್ಲಿ ಬಸವನಹುಳು ಗೋಡೆ ಹತ್ತುತ್ತಿತ್ತು, ಅಷ್ಟೇ. ಇನ್ನೊಂದರಲ್ಲಿ ಮುದುಕನೊಬ್ಬ ಮಳೆ ಬರುವುದರೊಳಗೆ ಒಣಹಾಕಿದ ಬಟ್ಟೆಯನ್ನೆಲ್ಲ ತೆಗೆಯಬೇಕಿತ್ತು. ಇಂಥವನ್ನು ಯಾರು ಆಡುತ್ತಾರೆ ಅಂತ ಮೂಗು ಮುರಿದುಕೊಂಡೇ ಶುರು ಮಾಡಿದ ನಾವು, ಆ ಮುದುಕನ ಪಂಚೆ ನೆನೆದಾಗ ನಿಜವಾಗಿ ಅಯ್ಯೋ ಅಂದೆವು.

ಮಂಜಿನಾಟ ಸಿಕ್ಕಿದ್ದು ಆಮೇಲೆ. ಹೆಸರು ಯಾವುದೋ ಭಾಷೆಯಲ್ಲಿತ್ತು, ನಾವೇ ಹಾಗೆ ಕರೆದೆವು. ಬೆಟ್ಟದ ಮೇಲೆ ದನ ಕಾಯುವ ಪುಟ್ಟ ಹುಡುಗಿ. ಅವಳ ಕರುಗಳು ಮಂಜಿನಲ್ಲಿ ಕಳೆದುಹೋಗಿವೆ, ಹುಡುಕಿ ಕೊಟ್ಟಿಗೆಗೆ ತರಬೇಕು. ಪರದೆ ತುಂಬ ಬೂದುಬಣ್ಣ. ಹುಡುಗಿಯ ಸುತ್ತ ಒಂದಿಷ್ಟು ಹುಲ್ಲು ಬಿಟ್ಟರೆ ಬೇರೇನೂ ಕಾಣದು. ತಪ್ಪು ಹೆಜ್ಜೆ ಇಟ್ಟರೆ ಕೊರಕಲಿಗೆ ಬಿದ್ದು ಮತ್ತೆ ಮೊದಲಿಂದ.

ನಮ್ಮ ಮನೆಯ ಒಂದು ವಿಷಯ ಇಲ್ಲಿ ಹೇಳಬೇಕು. ನನ್ನ ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಆ ಬೇಸಿಗೆ ಪೂರ್ತಿ ರಾತ್ರಿ ಪಾಳಿಯಿದ್ದುದರಿಂದ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದಳು. ಕಂಪ್ಯೂಟರಿನ ಸ್ಪೀಕರುಗಳು ಬಟ್ಟೆ ಸುತ್ತಿಸಿಕೊಂಡು ಬೀರುವಿನ ಮೇಲೆ ಸೇರಿದ್ದವು. ಕಿಟಕಿಯ ಪರದೆ ಎಳೆದ ನಡುಮನೆಯಲ್ಲಿ ಫ್ಯಾನಿನ ಸದ್ದು, ಅಮ್ಮನ ಸಮವಸ್ತ್ರದ ಔಷಧಿ ವಾಸನೆ, ನಮ್ಮ ಕೈಯಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು. ಮಾತೆಲ್ಲ ಪಿಸುಮಾತು, ಅರ್ಧ ಕೈಸನ್ನೆ. ಸದ್ದಿಲ್ಲದ ಆಟವೇ ನಮಗೆ ಆಟ. ಗೇಮಿಗೆ ಸದ್ದು ಇರಬಹುದೆಂದು ಯೋಚಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು.

ಎಷ್ಟೋ ಮಧ್ಯಾಹ್ನ ಕೊರಕಲಿಗೆ ಬಿದ್ದೆವು. ಒಂದು ದಿನ ಭಾಗ್ಯ ಮಾವಿನಕಾಯಿ ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು.

“ತಡಿಯೇ, ತಡಿಯೇ. ಹುಲ್ಲು ನೋಡು.”

“ಏನಾಯ್ತೇ?”

“ತುದಿ ಒಂಚೂರು ಬಗ್ತು ಕಣೇ. ಅಗೋ, ಮತ್ತೆ! ಒಂದೇ ಕಡೀಕ್ ಬಗ್ತದೆ. ಗಾಳಿಯಾಗಿದ್ರೆ ಇಂಗ್ ಆಯ್ತಿತ್ತಾ?”

ಕಣ್ಣು ನೀರಾಡುವಷ್ಟು ದಿಟ್ಟಿಸಿದ ಮೇಲೆ ನನಗೂ ಕಂಡಿತು. ಹುಲ್ಲಿನ ತುದಿ ಕೂದಲೆಳೆಯಷ್ಟು ಬಾಗಿ ನೆಟ್ಟಗಾಗುತ್ತಿತ್ತು. ಅದು ಬಾಗಿದ ಕಡೆಗೆ ಹುಡುಗಿಯನ್ನು ನಡೆಸಿದೆ. ಮಂಜು ಸರಿದು ಬಿಳಿ ಕರುವೊಂದು ಕಾಣಿಸಿತು! ಕಿರುಚಲು ಬಂದ ಬಾಯನ್ನು ಇಬ್ಬರೂ ಕೈಯಿಂದ ಮುಚ್ಚಿಕೊಂಡೆವು.

ಅಲ್ಲಿಂದ ನಮ್ಮದೇ ಒಂದು ಪದ್ಧತಿ ಬೆಳೆಯಿತು. ಭಾಗ್ಯ ಪರದೆಯ ಮೇಲೆ ಬೆರಳಿಟ್ಟು ಹುಲ್ಲು ಕಾಯುವುದು, ಬೆರಳು ಸರಿದ ಕಡೆ ನಾನು ಕೀಲಿ ಒತ್ತುವುದು. ರಜೆ ಮುಗಿಯುವ ಮುಂಚೆ ಕಡೆಯ ಕರುವೂ ಕೊಟ್ಟಿಗೆ ಸೇರಿತು. ಮಂಜು ಕರಗಿ ಇಡೀ ಬೆಟ್ಟ ಹಸಿರಾಗಿ ತೆರೆದುಕೊಂಡಿತು. ಕೊನೆಗೆ ಒಂದೇ ಒಂದು ಹೆಸರು ಮೂಡಿತು, ಆಟ ಮಾಡಿದವನದು. ಓದಲು ಬರದಿದ್ದರೂ ಅದಕ್ಕೆ ಇಬ್ಬರೂ ಕೈ ಮುಗಿದೆವು. ಆಮೇಲೆ ಚಾಪೆಯ ಮೇಲೆ ಸದ್ದಾಗದಂತೆ ಕುಣಿದೆವು. ಅಮ್ಮ ಎದ್ದು ಬಂದು, “ಅದೇನ್ ರಾಜ್ಯ ಗೆದ್ಬುಟ್ರೇ?” ಅಂದಳು.

ಆ ಭಾನುವಾರ ಭಾಗ್ಯಳನ್ನೂ ಕರೆದುಕೊಂಡು ಮರದ ಕೆಳಗೆ ಹೋದೆ. ಹೇಳಿದೆ. ಮಂಜು, ಕರು, ಹುಲ್ಲು, ಯಾವುದನ್ನೂ ಬಿಡಲಿಲ್ಲ. ಚಿಕ್ಕ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ನನಗೆ ಕೋಡು ಮೂಡಿತ್ತು. ಆಲ್ವಿನ್ ಮಾತ್ರ ಪೆನ್‌ಡ್ರೈವ್ ಇಸಿದುಕೊಂಡು ಹೋದ.

ಮುಂದಿನ ವಾರ ಎಲ್ಲರೆದುರು ಅವನೇ ಬಾಯಿ ತೆಗೆದ. “ಇವ್ಳು ಆಡೇ ಇಲ್ಲ ಕಣ್ರೋ. ಅದು ಕಿವಿಯಲ್ಲಿ ಆಡೋ ಆಟ. ಕರು ಕೊರಳಿನ ಗಂಟೆ ಸದ್ದು ಯಾವ ಕಡೆಯಿಂದ ಬರುತ್ತೋ ಆ ಕಡೆ ಹೋಗ್ಬೇಕು. ಇವ್ಳು ಗಂಟೆ ಸುದ್ದೀನೇ ಎತ್ಲಿಲ್ಲ. ಹುಲ್ಲಂತೆ ಹುಲ್ಲು!”

ಗಂಟೆ! ಹಾಗೊಂದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನೇನು ಮರದ ಕೆಳಗಿನ ಜಾಗ ಹೋಗಿಯೇಬಿಟ್ಟಿತು ಅನ್ನುವಾಗ ಭಾಗ್ಯ ಲಂಗ ಕೊಡವಿಕೊಂಡು ಎದ್ದಳು.

“ನಿಮ್ಮನೇಲೇ ಆಡಿ ತೋರುಸ್ತೀವಿ, ನಡಿಯಣ್ಣ. ಆದ್ರೆ ಸದ್ದು ಮಾತ್ರ ಆಫ್ ಮಾಡ್ಬುಡು.”

ಹಿಂಡು ಹಿಂಡಾಗಿ ಎಲ್ಲರೂ ಸರಸ್ವತಿಪುರಂಗೆ ಹೊರಟೆವು. ಆಲ್ವಿನ್ ಸ್ಪೀಕರಿನ ತಂತಿಯನ್ನೇ ಕಿತ್ತುಹಾಕಿದ. ದೊಡ್ಡ ಟೀವಿಯ ಮೇಲೆ ಭಾಗ್ಯ ಬೆರಳಿಟ್ಟಾಗ ದೊಡ್ಡಮ್ಮ, “ಟೀವಿ ಮುಟ್ಬೇಡ್ರಮ್ಮಾ, ಕಲೆ ಆಗುತ್ತೆ” ಅಂದರು. ಭಾಗ್ಯ ಬೆರಳು ತೆಗೆದು ನನ್ನ ಬೆನ್ನ ಮೇಲಿಟ್ಟಳು. ಹುಲ್ಲು ಬಾಗಿದ ಕಡೆ ನನ್ನ ಬೆನ್ನು ಒತ್ತುವುದು, ಆ ಕಡೆ ನಾನು ನಡೆಸುವುದು. ಒಮ್ಮೆ ಕೊರಕಲಿಗೆ ಬಿದ್ದೆವು. ಯಾರೋ ಕಿಸಕ್ಕೆಂದರು. ಮತ್ತೆ ಮೊದಲಿಂದ ಹೊರಟೆವು. ಆಮೇಲೆ ಬೀಳಲಿಲ್ಲ. ಕರುಗಳು ಒಂದೊಂದಾಗಿ ಬಂದವು, ಮಂಜು ಕರಗಿತು, ಆ ಒಂದು ಹೆಸರು ಮೂಡಿತು. ಕೋಣೆಯಲ್ಲಿ ಯಾರೂ ಕಿಸಕ್ಕೆನ್ನಲಿಲ್ಲ.

ಆಲ್ವಿನ್ ಟೀವಿಯ ಹತ್ತಿರಕ್ಕೆ ಬಂದು ಮಂಡಿಯೂರಿದ. “ಇನ್ನೊಂದ್ ಸಲ ತೋರ್ಸ್ರೇ” ಅಂದ. ಹುಲ್ಲು ಬಾಗುವುದನ್ನು ಬಹಳ ಹೊತ್ತು ನೋಡಿ, “ಇದನ್ನ ನಾನು ನೋಡ್ಲೇ ಇಲ್ವಲ್ಲೇ” ಅಂದ. ಸೋತವನ ದನಿಯಲ್ಲ ಅದು, ಆಸೆಪಟ್ಟವನ ದನಿ. ಆಟ ಮಾಡಿದ ಆ ಪುಣ್ಯಾತ್ಮ ಒಂದೊಂದು ಗಂಟೆ ಸದ್ದಿಗೂ ಹುಲ್ಲನ್ನು ಬಾಗಿಸಿಟ್ಟಿದ್ದ. ಸ್ಪೀಕರ್ ಇದ್ದವರ ಕಣ್ಣಿಗೆ ಅದು ಬೀಳಲೇ ಇಲ್ಲ. ನಮ್ಮ ಕಣ್ಣಿಗೆ ಬಿತ್ತು. ಈ ಜಂಬ ನನಗೆ ಇವತ್ತಿಗೂ ಇದೆ, ಇರಲಿ.

ಆಮೇಲೆ ಅವನು ತಂತಿ ಸಿಕ್ಕಿಸಿ ಗಂಟೆಯನ್ನು ಕೇಳಿಸಿದ. ಎಷ್ಟು ಚೆಂದ ಇತ್ತೆಂದರೆ ಭಾಗ್ಯಳಿಗೆ ಅಳುವೇ ಬಂತು.

ಈಗ ಅಂಥ ಸಣ್ಣ ಆಟಗಳನ್ನು ಹುಡುಕಿ ಹುಡುಕಿ ಆಡಿ, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದು ಹಾಕುತ್ತೇನೆ. ಓದುವವರು ಇದ್ದಾರೆ, ಒಂದೆರಡು ಸಾಲು ಉತ್ತರವನ್ನೂ ಬರೆಯುತ್ತಾರೆ. ಆದರೆ ಎದುರು ಕೂತು ಬಾಯಿ ಬಿಟ್ಟುಕೊಂಡು ಕೇಳುವವರು ಯಾರೂ ಇಲ್ಲ. ಆಡುವ ಮುಂಚೆಯೇ ಆಟದ ಆದಿ ಅಂತ್ಯ ಎಲ್ಲರಿಗೂ ಗೊತ್ತಿರುತ್ತದೆ, ನನಗೂ ಗೊತ್ತಿರುತ್ತದೆ.

ಮೊನ್ನೆ ಮಂಜಿನಾಟ ಮತ್ತೆ ಸಿಕ್ಕಿತು. ಅಗ್ರಹಾರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವ ಭಾಗ್ಯಳನ್ನು ಮನೆಗೆ ಕರೆದೆ. ಸದ್ದು ಪೂರ್ತಿ ಆಫ್ ಮಾಡಿ ಆಡಲು ಕೂತೆವು. ಹುಲ್ಲನ್ನು ನೋಡಿದೆವು, ನೋಡೇ ನೋಡಿದೆವು. ಒಮ್ಮೆ ಕೇಳಿದ ಆ ಗಂಟೆ ಮನಸ್ಸಿನಲ್ಲಿ ಬೇಕಾದ ಕಡೆಯಿಂದೆಲ್ಲ ಬಾರಿಸುತ್ತಿತ್ತು, ಹುಲ್ಲು ಬಾಗಿದ್ದು ಮಾತ್ರ ಕಾಣಲಿಲ್ಲ. ಅಂದಾಜಿನ ಮೇಲೆ ನಡೆಸಿ ಎರಡನೇ ಕರುವಿನ ಆಚೆ ನಮ್ಮಿಂದ ಹೋಗಲಾಗಲಿಲ್ಲ.

“ಆಗ ಅದೆಂಗೇ ಕಂಡಿತ್ತು ನಮ್ಗೆ?” ಅಂದಳು ಭಾಗ್ಯ, ಕನ್ನಡಕ ಒರೆಸಿಕೊಳ್ಳುತ್ತ.

ಆಲ್ವಿನ್‌ನ ಎದುರು ಗೆದ್ದ ನಾವು, ಬಾಯಿ ಮುಚ್ಚಿಕೊಂಡು ಚಾಪೆಯ ಮೇಲೆ ಕುಣಿದ ಆ ಇಬ್ಬರು ಹುಡುಗಿಯರ ಎದುರು ಸೋತೆವು. ಸೋತು ಇಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು.