ಕಲ್ಲು ಇಳಿಸಲು ಕಲಿತ ಮಡಿವಾಳಪ್ಪ

ತಂಗಡಗಿಯ ಮಡಿವಾಳಪ್ಪ ಕಲ್ಲು ಎತ್ತುವುದನ್ನು ನೋಡಲು ತಾಳಿಕೋಟೆಯಿಂದಲೂ ಜನ ಬರುತ್ತಿದ್ದರು. ನಮ್ಮ ಕಡೆ ಕಾರಹುಣ್ಣಿಮೆ ಬಂತೆಂದರೆ ದುಂಡನೆಯ ಭಾರಿ ಕಲ್ಲನ್ನು ನೆಲದಿಂದೆತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವ ಪಂದ್ಯ ಇರುತ್ತದೆ. ಉಳಿದ ಪೈಲ್ವಾನರು ತೊಡೆ ತಟ್ಟಿ, ಕೈಗೆ ಮಣ್ಣು ತಿಕ್ಕಿಕೊಂಡು ನೇರ ಕಲ್ಲಿಗೇ ಕೈ ಹಾಕುತ್ತಿದ್ದರು. ಇವನು ಮಾತ್ರ ಕಲ್ಲಿನೆದುರು ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದ. ಜನ ಸಿಳ್ಳೆ ಹೊಡೆದರೂ ಏಳುತ್ತಿರಲಿಲ್ಲ. ಕೇಳಿದರೆ, ಮೊದಲು ಮನಸ್ಸಿನಲ್ಲಿ ಎತ್ತುತ್ತೇನೆ, ಅಲ್ಲಿ ಎದ್ದರೆ ಇಲ್ಲಿಯೂ ಏಳುತ್ತದೆ ಎನ್ನುತ್ತಿದ್ದ. ಆಮೇಲೆ ಎದ್ದು, ಉಸಿರು ಕಟ್ಟಿ ಎತ್ತಿ, ಧಡ್ಡನೆ ಒಗೆದನೆಂದರೆ ನೆಲದಲ್ಲಿ ಕುಣಿ ಬೀಳುತ್ತಿತ್ತು.

ಅವನ ಚಲ್ಲಣ ಹೊಲಿಯುವವನು ನಾನು, ದರ್ಜಿ ಇಜಾಜ. ಪೈಲ್ವಾನರು ತೊಡುವ ಆ ಬಿಗಿ ಚಡ್ಡಿಯನ್ನು ಮುದ್ದೇಬಿಹಾಳದ ಬಜಾರಿನಲ್ಲಿ ನನ್ನಷ್ಟು ಗಟ್ಟಿಯಾಗಿ ಹೊಲಿಯುವವರು ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ.

ಹೋದ ವರ್ಷ ಮಡಿವಾಳಪ್ಪನಿಗೆ ಮೂತ್ರ ಕಟ್ಟಿ ಪ್ರಾಸ್ಟೇಟ್ ಆಪರೇಷನ್ ಆಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು. ಸ್ವಲ್ಪ ದಿನ ಹಿಡಿತ ಸಡಿಲ ಇರುತ್ತದೆ, ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಪೈಲ್ವಾನನಿಗೇ ವ್ಯಾಯಾಮ ಹೇಳಿಕೊಡುತ್ತಾರಲ್ಲ ಎಂದು ಇವನು ನಕ್ಕು ಬಂದಿದ್ದ.

ದೀಪಾವಳಿ ಮುಗಿದ ಮೇಲೊಂದು ದಿನ ಅಂಗಡಿಗೆ ಬಂದು, ಎರಡು ಕರಿ ಚಲ್ಲಣ ಬೇಕು, ಮುಂದುಗಡೆ ದಪ್ಪ ಅರಿವೆ ಒಳಗೆ ಕೊಡು ಎಂದ. ಈ ವಯಸ್ಸಿನಲ್ಲಿ ಏನು ಮುಚ್ಚಿಡುತ್ತಿ ಮಡಿವಾಳಣ್ಣ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ನಗಲು ಹೆದರುತ್ತಿದ್ದಾನೆ ಎಂದು ಒತ್ತಾಯಿಸಿ ಕೇಳಿದ ಮೇಲೆ ತಿಳಿಯಿತು. ನಕ್ಕರೆ, ಕೆಮ್ಮಿದರೆ, ಹುಲ್ಲಿನ ಹೊರೆ ಎತ್ತಿದರೆ ಮೂತ್ರ ಜಿನುಗುತ್ತಿತ್ತು. ನನಗೆ ಸಿಟ್ಟು ಬಂತು. ನಮ್ಮ ಗಂಡಸರು ಸೊಂಟದ ಕೆಳಗಿನ ಜೋಕು ಹೊಡೆಯಲು ಹೊತ್ತು ಗೊತ್ತು ನೋಡುವುದಿಲ್ಲ, ಅಲ್ಲೇ ನೋವಾದರೆ ಮಾತ್ರ ಬಾಯಿಗೆ ಬೀಗ.

ಇಷ್ಟೇ ಆಗಿದ್ದರೆ ಚಲ್ಲಣ ಹೊಲಿದು ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಅವನ ಹೆಂಡತಿ ಹೊನ್ನವ್ವ ವೈನಿ ಜಂಪರಿನ ಅಳತೆ ಕೊಡುವ ನೆಪದಲ್ಲಿ ಬಂದು, ಬಟ್ಟೆಯ ಗಂಟು ಬಿಚ್ಚದೆಯೇ ಕುಳಿತಳು. ಮಡಿವಾಳಪ್ಪ ಒಳಕೋಣೆ ಬಿಟ್ಟು ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗುತ್ತಿದ್ದಾನಂತೆ. ಕೇಳಿದರೆ ಸೆಕೆ ಅನ್ನುತ್ತಾನಂತೆ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ. ಮದುವೆಯಾದಾಗಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿದವರು ಅವರು, ಜಗಳವಾಡಿದ ದಿನವೂ.

"ನನ್ನ ಮ್ಯಾಲಿನ ಮನಸ್ಸು ಹೋಗೇತಿ ಇಜಾಜ. ಅದನ್ನ ಬಾಯಿ ಬಿಟ್ಟು ಹೇಳಿದ್ರ ಸಾಕಿತ್ತು," ಎಂದಳು.

ಅವಳಿಗೆ ನಿಜ ಹೇಳುವ ಹಕ್ಕು ನನಗಿರಲಿಲ್ಲ. ಮರುದಿನವೇ ಮಡಿವಾಳಪ್ಪನನ್ನು ಬಸ್ಸಿಗೆ ಹತ್ತಿಸಿ ಬಸವನ ಬಾಗೇವಾಡಿಗೆ ಕರೆದುಕೊಂಡು ಹೋದೆ. ಅಲ್ಲಿ ದಾನೇಶ್ವರಿ ಎಂಬ ಫಿಜಿಯೋಥೆರಪಿ ಡಾಕ್ಟರು ಇಂಥ ತೊಂದರೆಗಳನ್ನೇ ನೋಡುತ್ತಾರೆ ಎಂದು ಗಿರಾಕಿಯೊಬ್ಬರು ಹೇಳಿದ್ದರು. ಒಳಗೆ ಕುಳಿತಿದ್ದ ಹುಡುಗಿಯನ್ನು ನೋಡಿ ನಮ್ಮ ಪೈಲ್ವಾನ ಬಾಗಿಲಲ್ಲೇ ತಿರುಗಿದ. ಅವನ ಮಗಳಿಗಿಂತ ಚಿಕ್ಕವಳು. ನಾನು ಅವನ ಅಂಗಿ ಹಿಡಿದು ಒಳಗೆ ನೂಕಿದೆ.

ಅವಳು ತಾನೂ ನಾಚದೆ, ನಮ್ಮನ್ನೂ ನಾಚಿಸದೆ ಹೇಳಿದಳು. ಹೊಟ್ಟೆಯ ತಳದಲ್ಲಿ ಜೋಳಿಗೆಯಂತೆ ಒಂದಿಷ್ಟು ಸ್ನಾಯುಗಳಿವೆ. ಮೂತ್ರ ತಡೆಯುವಾಗ ಬಿಗಿಯುವುದು ಅವೇ, ಗಂಡ ಹೆಂಡಿರ ಸುಖದಲ್ಲಿ ಮಿಡಿಯುವುದೂ ಅವೇ. ಅವನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳಬೇಕು, ಉಸಿರು ಆಡುತ್ತಿರಬೇಕು.

ಮಡಿವಾಳಪ್ಪ ಮಾಡಿದ ನೋಡಿ. ಹಲ್ಲು ಕಚ್ಚಿದ, ಉಸಿರು ಕಟ್ಟಿದ, ತೊಡೆ ಬಿಗಿದ, ಕುತ್ತಿಗೆಯ ನರ ಎದ್ದು ನಿಂತಿತು. ಅಷ್ಟರಲ್ಲಿ ಮುಖ ಸಪ್ಪಗಾಯಿತು. ಚಲ್ಲಣದೊಳಗಿನ ನನ್ನ ದಪ್ಪ ಅರಿವೆಗೆ ಕೆಲಸ ಬಿದ್ದಿತ್ತು.

ದಾನೇಶ್ವರಿ ಹೀಗೆ ಮಾಡಿದರೆ ಒತ್ತಡ ಕೆಳಗೇ ಬೀಳುತ್ತದೆ ಎಂದಳು. ಇವರೇನು ಎತ್ತುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು. ನಾನು ಕಲ್ಲಿನ ಕಥೆಯನ್ನೆಲ್ಲ ಹೇಳಿದೆ, ಕಣ್ಣು ಮುಚ್ಚಿ ಕೂರುವುದನ್ನೂ ಸೇರಿಸಿ. ಅವಳು ಖುಷಿಯಾದಳು. ಹಾಗಾದರೆ ಸದ್ಯಕ್ಕೆ ಮೈಯಿಂದ ಏನೂ ಮಾಡಬೇಡಿ, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಾತ್ರ ಮಾಡಿ ಎಂದಳು. ಆ ಜಾಗ ಎಲ್ಲಿದೆ, ಹೇಗೆ ಏಳುತ್ತದೆ ಎಂದು ಮನಸ್ಸು ಮೊದಲು ಕಲಿಯಲಿ, ಆಮೇಲೆ ಸ್ನಾಯು ತಾನೇ ಮಾತು ಕೇಳುತ್ತದೆ ಎಂದಳು. ಇದು ಇವನಿಗೆ ಹೇಳಿ ಮಾಡಿಸಿದ ಔಷಧ.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಮಡಿವಾಳಪ್ಪ ಬಸ್ ಸ್ಟ್ಯಾಂಡಿನಲ್ಲಿ, ಹೊಲದ ಬದುವಿನಲ್ಲಿ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರತೊಡಗಿದ. ಹೊರಸು ಬೇರೆ ಅಂಗಳದಲ್ಲಿ. ಸಂಸಾರದ ಮೇಲೆ ವೈರಾಗ್ಯ ಬಂದಿದೆ ಎಂದು ಊರೆಲ್ಲ ಮಾತಾಯಿತು. ಪಕ್ಕದ ಮನೆಯ ಗುಂಡವ್ವ ಬಾಳೆಹಣ್ಣು ಮುಂದಿಟ್ಟು, ಮಗಳಿಗೆ ಬಂದ ಸಂಬಂಧ ಒಪ್ಪಿಕೊಳ್ಳಲೋ ಬಿಡಲೋ ಎಂದು ಕೇಳಿದಳು. ಅವನು ಕಣ್ಣು ತೆರೆಯದೆ ಒಪ್ಪಿಕೊ ಎಂದನಂತೆ, ಬೇಗ ಎದ್ದು ಹೋಗಲಿ ಎಂದು. ಆ ಮದುವೆ ಆಗಿ ಹುಡುಗಿ ಸುಖವಾಗಿದ್ದಾಳೆ, ಪುಣ್ಯ. ಊರವರ ಮಾತಿಗೆ ನಾನು ನಕ್ಕೆ. ಹೊನ್ನವ್ವ ವೈನಿ ನಗಲಿಲ್ಲ. ಅವಳು ಅದನ್ನು ನಂಬಿದಳು.

ಜಿನುಗುವುದು ಕಡಿಮೆಯಾಯಿತು, ಆದರೆ ಕೆಳಗೆಲ್ಲ ಗಂಟು ಕಟ್ಟಿದಂಥ ನೋವು ಹತ್ತಿಕೊಂಡಿತು. ಮತ್ತೆ ಬಾಗೇವಾಡಿಗೆ ಹೋದೆವು. ದಾನೇಶ್ವರಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಮನಸ್ಸಿನ್ಯಾಗ ಎತ್ತಿದ ಮ್ಯಾಲ ಆ ಕಲ್ಲು ಏನ್ ಮಾಡ್ತೀರಿ ಕಾಕಾ?"

"ಏನ್ ಮಾಡೂದೈತವ್ವಾ? ಎತ್ತಿದ್ರ ಮುಗೀತಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಪಂದ್ಯದಲ್ಲಿ ಎತ್ತಿದ್ದಕ್ಕೆ ಚಪ್ಪಾಳೆ, ಎತ್ತಿದ್ದಕ್ಕೆ ಬೆಳ್ಳಿ ಕಡಗ. ಇಳಿಸುವುದನ್ನು ನೋಡಲು ಯಾರೂ ನಿಲ್ಲುವುದಿಲ್ಲ. ಕಲ್ಲನ್ನು ಒಗೆದು ಬೆನ್ನು ತಿರುಗಿಸುತ್ತಾರೆ. ಆಯುಷ್ಯದಲ್ಲಿ ಅವನು ಮನಸ್ಸಿನಲ್ಲಿ ಎತ್ತಿದ ಯಾವ ಕಲ್ಲನ್ನೂ ಕೆಳಗಿಟ್ಟಿರಲಿಲ್ಲ. ಈ ಸ್ನಾಯುವನ್ನೂ ಹಾಗೇ ಬಿಗಿದು ಹಿಡಿದುಕೊಂಡೇ ತಿರುಗುತ್ತಿದ್ದ.

"ಎತ್ತೂದು ಅರ್ಧ ಕೆಲಸ ರೀ. ಮಲಗಿದ ಕೂಸಿನ್ನ ತೊಟ್ಟಿಲಕ್ಕ ಹಾಕಿದಂಗ ಮೆಲ್ಲಕ ಇಳಸ್ರಿ. ಹಿಡಿತ ಬರೂದು ಅಲ್ಲೇ, ಸುಖಾನೂ ಅಲ್ಲೇ," ಎಂದಳು ದಾನೇಶ್ವರಿ.

ಸುಖದ ಮಾತು ಬಂದಾಗ ನಾವಿಬ್ಬರೂ ಫ್ಯಾನು ನೋಡಿದೆವು. ಅವಳು ಬಿಡಲಿಲ್ಲ. ಹಾಸಿಗೆಯಲ್ಲಿ ಹೆದರಿಕೊಂಡು ಬಿಗಿಹಿಡಿದರೆ ಏನೂ ತಿಳಿಯುವುದಿಲ್ಲ, ಬಿಗಿದು ಬಿಟ್ಟು ಮಾಡಿದರೆ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ ಎಂದಳು. ಮೊದಲು ಮನೆಯಲ್ಲಿ ಕಾಕುಗೆ ಎಲ್ಲ ಹೇಳಿ ಎಂದೂ ಸೇರಿಸಿದಳು.

ಇಳಿಸುವುದನ್ನು ಅವನು ಸಂಕ್ರಾಂತಿಯ ಹೊತ್ತಿಗೆ ಕಲಿತ. ನೋವು ಹೋಯಿತು, ಕರಿ ಚಲ್ಲಣ ಒಣಗಿಯೇ ಇರತೊಡಗಿತು. ಹೇಳುವ ಕೆಲಸ ಮಾತ್ರ ಆಗಲಿಲ್ಲ. ನಾಳೆ ಅನ್ನುತ್ತಿದ್ದ. ಅಷ್ಟರಲ್ಲಿ ವೈನಿ ತವರುಮನೆಗೆ ಆಲಮೇಲಕ್ಕೆ ಹೊರಡಲು ಚೀಲ ಕಟ್ಟಿಟ್ಟಳೆಂದು ನನ್ನ ಹೆಂಡತಿ ನಿಷತ ಸುದ್ದಿ ತಂದಳು. ಯಾವಾಗ ಬರುತ್ತೀರಿ ಎಂದರೆ ಮತ್ತೊಂದು ಸೀರೆ ಮಡಿಸಿ ಚೀಲಕ್ಕೆ ತುರುಕಿದಳಂತೆ. ನಾನು ಅವನ ಹೊಲಕ್ಕೇ ಹೋಗಿ ಬೈದೆ. ಇಂಥ ಕಲ್ಲುಗಳನ್ನೆಲ್ಲ ಎತ್ತಿದವನಿಗೆ ಒಂದು ಮಾತು ಎತ್ತಲು ಆಗುವುದಿಲ್ಲವೇ ಎಂದೆ.

ಮುಂದಿನದನ್ನು ಅವನೇ ನನಗೆ ಹೇಳಿದ. ಮರುದಿನ ಮುಂಜಾನೆ ವೈನಿ ರೊಟ್ಟಿ ಬಡಿಯುತ್ತಿದ್ದಳು. ಇವನು ಒಲೆಯ ಪಕ್ಕ ಕುಳಿತು ಕಣ್ಣು ಮುಚ್ಚಿ ಮೊದಲು ಮನಸ್ಸಿನಲ್ಲೇ ಹೇಳಿಕೊಂಡ, ಆಮೇಲೆ ಬಾಯಿಬಿಟ್ಟು ಹೇಳಿದ. ಜಿನುಗುವುದು, ಹಾಸಿಗೆ ಒದ್ದೆಯಾದರೆ ಅವಳು ಹೇಸಿಕೊಂಡಾಳು ಎಂಬ ಹೆದರಿಕೆ, ಬಾಗೇವಾಡಿ, ಎಲ್ಲ. ವೈನಿಯ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದಿತು.

"ನಂಗ ಸಣ್ಣ ಮಗಳು ಹುಟ್ಟಿದಾಗಿಂದ ಸೀನಿದ್ರ ಹಿಂಗ ಆಗ್ತೈತ್ರಿ," ಎಂದಳು. "ನಾ ಏನ್ ಹೊರಸು ತಗೊಂಡು ಹೊರಗ ಹೋದೆನೇನು?"

ಅವನಿಗೆ ಅದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದ. ಇದನ್ನು ಹೇಳುವಾಗ ನನ್ನ ಅಂಗಡಿಯಲ್ಲಿ ಅವನ ಕಣ್ಣು ತುಂಬಿತು. ಚೀಲ ಅಲ್ಲೇ ಉಳಿಯಿತು. ಆ ವಾರ ಗಂಡ ಹೆಂಡತಿ ಇಬ್ಬರೂ ಬಾಗೇವಾಡಿಯ ಬಸ್ಸು ಹತ್ತಿದರು. ಈಗ ಇಬ್ಬರೂ ಮುಂಜಾನೆ ಮನೆಯ ಮುಂದಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ, ಗುಂಡವ್ವ ಎರಡು ಬಾಳೆಹಣ್ಣು ಇಟ್ಟು ಹೋಗುತ್ತಾಳೆ.

ಮೊನ್ನೆ ಮಡಿವಾಳಪ್ಪ ಆ ಹೊರಸನ್ನು ತಲೆಯ ಮೇಲೆ ಹೊತ್ತುಕೊಂಡು ಬಜಾರಿನ ನಡುವೆಯೇ ನನ್ನ ಅಂಗಡಿಗೆ ಬಂದ. ಗಿರಾಕಿಗಳು ಕೂರಲು ಬೇಕಾದೀತು, ಇಟ್ಟುಕೋ ಎಂದ. ಧಡ್ಡನೆ ಒಗೆಯುತ್ತಾನೆಂದು ನಾನು ಮಿಶೀನು ಬಿಟ್ಟು ಹಿಂದೆ ಸರಿದೆ. ಅವನು ಮೊಣಕಾಲು ಬಗ್ಗಿಸಿ, ಉಸಿರು ಬಿಡುತ್ತಾ, ಸಪ್ಪಳವಾಗದಂತೆ ನೆಲಕ್ಕೆ ಇಳಿಸಿದ.

"ಚಳಿ ಬಂದ್ರ ಮತ್ತ ಸೆಕಿ ಆಗೂದಿಲ್ಲೇನು?" ಎಂದೆ.

ಅವನು ಹೊಟ್ಟೆ ಹಿಡಿದುಕೊಳ್ಳದೆ, ಕಾಲು ಜೋಡಿಸದೆ, ಬಜಾರಿಗೆಲ್ಲ ಕೇಳುವಂತೆ ನಕ್ಕ.