ಪರ್ಸಿಯ ಕೆಳಗಿನ ಕುಳ್ಳ ಭೂರ್ಜ

ನಮ್ಮ ಅಡುಗೆಮನೆಯಲ್ಲಿ ರೊಟ್ಟಿಬುಟ್ಟಿಯ ಪಕ್ಕಕ್ಕೆ, ಮೊಳದುದ್ದದ ಶಹಾಬಾದ ಪರ್ಸಿಯೊಂದು ಗೋಡೆಗೊರಗಿ ನಿಂತಿರುತ್ತದೆ. ಭಂಕೂರಿನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಲೇ ಪ್ರಾಯ ಕಳೆದ ನನ್ನಪ್ಪ ಕೈಯಾರೆ ಸೀಳಿ ತಂದ ಹಾಸುಗಲ್ಲು ಅದು. ಹಪ್ಪಳ ಒತ್ತುವುದು ಅದರಿಂದ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಚಿಂಚೋಳಿಯ ಕಾಡಿನಿಂದ ತಂದ ಎಲೆಗಳನ್ನು ಒತ್ತಿ ಒಣಗಿಸುವುದೂ ಅದರ ಕೆಳಗೇ. ಆದರೂ, ನಿಮ್ಮ ಮುಂದೆ ಸುಳ್ಳೇಕೆ ಗೆಳೆಯರೇ, ನನಗದು ಬರೀ ಕಲ್ಲಾಗಿತ್ತು.

ಕಳೆದ ವರ್ಷ ಸೇಡಂನಲ್ಲಿ ಸಸ್ಯಪ್ರದರ್ಶನವಿತ್ತು. ಅದಕ್ಕೆಂದು ದೂರದ ಗೆಳತಿಯೊಬ್ಬಳಿಂದ ಕುಳ್ಳ ಭೂರ್ಜದ ಒಣ ರೆಂಬೆಯೊಂದನ್ನು ಎರವಲು ತರಿಸಿದ್ದೆ. ಹಿಂದಿನವರು ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದರಲ್ಲ, ಹಿಮಾಲಯದ ಆ ಎತ್ತರದ ಮರದ ದಾಯಾದಿ ಇದು. ಭೂಮಿಯ ಬಡಗಣ ತುದಿಯ ಚಳಿನಾಡುಗಳ ಜೌಗುನೆಲದಲ್ಲಿ, ಹಿಮ ಹೊತ್ತು, ಸೊಂಟದೆತ್ತರ ದಾಟದೆ ಬಾಳುವ ಪೊದೆ. ಪುಟ್ಟ ಎಲೆಯ ಅಂಚಿನ ದುಂಡು ಹಲ್ಲುಗಳೇ ಅದರ ಗುರುತು. ಒಣಗುವಾಗ ಎಲೆಗಳು ಮಡಚಿಕೊಂಡು ಆ ಗುರುತೇ ಮರೆಯಾಗಿತ್ತು. ಬಿಡಿಸಲು ಹೋದರೆ ಪುಡಿಯಾದೀತೆಂಬ ಭಯ. ಇರುವುದೊಂದೇ ರೆಂಬೆ, ಅದೂ ಪರರದು.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ, ನಳದ ನೀರು ತುಂಬಿಸಿ ಒಳಗೆ ಬಂದರೆ, ಅಪ್ಪ ಆ ರೆಂಬೆಯನ್ನು ಪರ್ಸಿಯ ಮೇಲಿಟ್ಟು ಚೊಂಬಿನಿಂದ ನೀರು ಚಿಮುಕಿಸುತ್ತ ಕುಳಿತಿದ್ದ.

“ಯಪ್ಪಾ, ಏನ್ ಮಾಡಿದಿ! ಮಂದಿ ಸಾಮಾನ ಅದು!”

“ನೀರ ಹೊಡೀಲಾರ್ದ ಗುಣ ಹ್ಯಾಂಗ ತಿಳೀತದವ್ವಾ?”

ಗಣಿಯವರ ರೂಢಿಯದು. ನೀರು ಹೊಡೆಯದೆ ಅವರು ಯಾವ ಪರ್ಸಿಯನ್ನೂ ಒಪ್ಪುವುದಿಲ್ಲ. ಒಣಗಲ್ಲು ಬಚ್ಚಿಟ್ಟ ಬಣ್ಣವೂ ಬಿರುಕೂ ಒದ್ದೆಯಾದಾಗಲೇ ಹೊರಬೀಳುತ್ತವೆ. ಆದರೆ ಎಲೆ ಕಲ್ಲೇ? ನನಗೆ ಅಳುವೇ ಬಂತು.

“ತಡಿ, ಇನ್ನೊಂದೀಟ ನೆನೀಲಿ. ಅವಸರ ಮಾಡಿದ್ರ ಪದರ ಒಡೀತದ,” ಅಂದ ಅಪ್ಪ.

ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ಬೆರಳಿನಿಂದ ಒಂದು ಎಲೆಯ ಮಡಿಕೆಯನ್ನು ಮೆಲ್ಲಗೆ ಸರಿಸಿದ. ದುಂಡು ಹಲ್ಲುಗಳು ಒಂದೂ ಮುಕ್ಕಾಗದೆ ಕಾಣಿಸಿದವು. ಒಣ ಎಲೆಯನ್ನು ನೆನೆಸಿ ಬಿಡಿಸುವುದು ನಮ್ಮ ಶಾಸ್ತ್ರಕ್ಕೂ ಗೊತ್ತಿರುವ ವಿದ್ಯೆಯೇ. ವರ್ಷವರ್ಷವೂ ಪಾಠ ಹೇಳಿದ್ದೆ, ಕೈಹಚ್ಚುವ ಧೈರ್ಯ ಮಾಡಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಅದನ್ನು ಹಾಳೆಗಳ ನಡುವೆ ಹರವಿ, ಅದೇ ಪರ್ಸಿಯನ್ನು ಮೇಲೆ ಹೇರಿದೆವು.

ಎತ್ತರವನ್ನೇ ಹಿರಿಮೆಯೆಂದು ನಂಬುವ ಲೋಕ ನಮ್ಮದು. ತಲೆ ಎತ್ತಿ ನೋಡಿಸಿಕೊಳ್ಳುವ ಮರಕ್ಕೆ ಕಾವ್ಯ ಸಿಗುತ್ತದೆ, ಜೌಗಿನ ಪೊದೆಗೆ ಬೂಟುಗಾಲು ಸಿಗುತ್ತದೆ. ನಮ್ಮ ಕಲ್ಲಿನ ಪಾಡೂ ಅಷ್ಟೇ. ಎಷ್ಟೋ ಊರುಗಳ ಮನೆಗಳಲ್ಲಿ ಜನ ಅದರ ಮೇಲೆಯೇ ನಡೆಯುತ್ತಾರೆ, ಸೀಳಿದವರು ಯಾರೆಂದು ಕೇಳುವುದಿಲ್ಲ. ಪಕ್ಕದಲ್ಲೇ ಇದ್ದ ನಾನಾದರೂ ಕೇಳಿದ್ದೆನೇ?

ಸೇಡಂನಲ್ಲಿ ರೆಂಬೆಯ ಪಕ್ಕದ ಚೀಟಿಯಲ್ಲಿ, ಸಂಗ್ರಹಿಸಿದವಳ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಎಲೆ ಬಿಡಿಸಿದವರು: ಸಾಯಬಣ್ಣ, ಕಲ್ಲು ಸೀಳುವವರು, ಭಂಕೂರ.’ ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಓದಿ ಮುಗಿದ ಮೇಲೂ ಅಲ್ಲೇ ನಿಂತಿದ್ದ.

ಪರ್ಸಿ ಈಗ ಮತ್ತೆ ರೊಟ್ಟಿಬುಟ್ಟಿಯ ಪಕ್ಕದಲ್ಲಿದೆ. ಮನೆಗೆ ಬಂದವರಿಗೆ ಅದನ್ನೆತ್ತಿ, ಒಂದು ಬೊಗಸೆ ನೀರು ಹೊಡೆದು ತೋರಿಸುತ್ತೇನೆ. ನಮ್ಮಪ್ಪ ಸೀಳಿದ್ದು ಎನ್ನುತ್ತೇನೆ.