ಶೀಟಕ್ಕ ಅಂಟಿಸಿದ ಚೌಕ

ಎಲ್ಲರೂ ಅವಳನ್ನು ಶೀಟಕ್ಕ ಎನ್ನುತ್ತಿದ್ದರು. ಮನೆ ಕಟ್ಟುವಾಗ ನೆಲಕ್ಕೆ ಕಾಂಕ್ರೀಟ್ ಸುರಿಯುವ ಮೊದಲು, ಮಣ್ಣಿನ ತೇವ ಮೇಲೇರದಂತೆ ದಪ್ಪ ಪ್ಲಾಸ್ಟಿಕ್ ಶೀಟು ಹಾಸುವುದು ಅವಳ ಕಸುಬು. ಒಂದರ ಅಂಚಿನ ಮೇಲೆ ಇನ್ನೊಂದನ್ನು ಮೊಳದಷ್ಟು ಹೊದಿಸಿ, ಟೇಪು ಒತ್ತಿ, ಬರಿಗಾಲಲ್ಲೇ ಓಡಾಡುವಳು. ಚಪ್ಪಲಿ ಕಾಲಲ್ಲಿ ಶೀಟು ತುಳಿದವನು ಮೇಸ್ತ್ರಿಯಾದರೂ ಸರಿ, ಅವನ ಜನ್ಮ ಜಾಲಾಡಿಬಿಡುವಳು. ಗಾರೆಯವನು ತನ್ನ ಗೋಡೆ ತೋರಿಸಿ ಬೀಗಬಹುದು, ಬಡಗಿ ಬಾಗಿಲು ತೋರಿಸಬಹುದು. ಇವಳ ಕೆಲಸ ಮಾತ್ರ ಮುಗಿದ ದಿನವೇ ಹೂತುಹೋಗುತ್ತಿತ್ತು. ಆಮೇಲೆ ಆ ಮನೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮನೂ ಕರೆದಿರಲಿಲ್ಲ. ಅವನೇನು ಕೆಟ್ಟವನಲ್ಲ, ಪುರುಸೊತ್ತಿಲ್ಲ, ಅಷ್ಟೆ. ಅವನ ಹೊಸ ಮನೆಗೆ ಶೀಟು ಹಾಸಿದವಳೂ ಇವಳೇ. ಒಂದು ಮಧ್ಯಾಹ್ನ ಫೋನು ಬಂತು.

“ಅಕ್ಕಾ, ನೆಲ ಎಲ್ಲಾ ಒದ್ದೆ. ನಿನ್ನ ಶೀಟು ಎಲ್ಲೋ ಹರಿದಿರ್ಬೇಕು.”

ಎಲ್ಲಿ ತಪ್ಪಿದೆನೋ ಎಂದು ಅವಳು ಹಾಸಿದ ಒಂದೊಂದು ಅಂಚನ್ನೂ ನೆನಪಿಸಿಕೊಂಡಳು. ಆದರೂ, ಹೇಳಿಕೊಳ್ಳಲು ನಾಚಿಕೆ, ಚೀಲಕ್ಕೆ ಬಟ್ಟೆ ತುರುಕುವಾಗ ಒಳಗೊಳಗೇ ಖುಷಿಯೂ ಆಗಿತ್ತು.

ಹೋದವಳೇ ನೆಲ ಒರೆಸಿ, ತೆಳು ಪ್ಲಾಸ್ಟಿಕ್ಕಿನ ಒಂದು ಚೌಕವನ್ನು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿದಳು. “ನಾಳೆ ನೋಡೋಣ. ನೀರು ಇದರ ಅಡಿಗೆ ಕಟ್ಟಿದ್ರೆ ತಪ್ಪು ನಂದು, ನೆಲ ಒಡೀಲೇಬೇಕು. ಮೇಲಷ್ಟೇ ಕಟ್ಟಿದ್ರೆ ಅದು ಗಾಳಿ ತೇವ.”

ಸಂಜೆ ತಮ್ಮನ ಹೆಂಡತಿ ಬಿಸಿಬಿಸಿಯಾಗಿ ಬಡಿಸಿದಳು. “ಇನ್ನೊಂಚೂರು ಹಾಕ್ಕೊಳ್ಳಿ ಅತ್ತಿಗೆ” ಎಂದಳು. ಹಾಗೆ ಯಾರಾದರೂ ಒತ್ತಾಯ ಮಾಡಿ ಎಷ್ಟು ಕಾಲವಾಗಿತ್ತೋ. ತನ್ನ ಬಾಡಿಗೆ ಕೋಣೆಯಲ್ಲಿ ಅವಳು ಪಾತ್ರೆಯಿಂದಲೇ ಉಣ್ಣುತ್ತಿದ್ದಳು. ಒಬ್ಬಳಿಗೋಸ್ಕರ ತಟ್ಟೆ ಯಾಕೆ ತೊಳೆಯಬೇಕು?

ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಚೌಕದ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಮೇಲೆ ಹನಿಗಳು ನಿಂತಿದ್ದವು. ಒಂದು ತುದಿ ಬಿಡಿಸಿ ಬೆರಳು ತೂರಿಸಿದಳು. ಅಡಿಯಲ್ಲಿ ಚೂರೂ ಪಸೆಯಿಲ್ಲ. ಶೀಟು ಹರಿದಿಲ್ಲ! ತನ್ನ ಕೆಲಸದ ಗುಣ ಕಣ್ಣಾರೆ ಕಂಡದ್ದು ಅದೇ ಮೊದಲು, ಹಿಗ್ಗಿ ಹೀರೇಕಾಯಿಯಾದಳು. ಅಷ್ಟರಲ್ಲಿ ಬಾಗಿಲ ಪಕ್ಕದ ತನ್ನ ಚೀಲ ಕಣ್ಣಿಗೆ ಬಿತ್ತು. ಕೆಲಸ ಮುಗಿದರೆ ಹೊರಡಬೇಕು. ಟೇಪನ್ನು ಮತ್ತೆ ಒತ್ತಿಬಿಟ್ಟಳು.

“ಏನಾಯ್ತಕ್ಕ?” ತಮ್ಮ ಎದ್ದು ಬಂದ.

“ಈಗ್ಲೇ ಗೊತ್ತಾಗಲ್ಲ. ಇನ್ನೂ ಎರಡು ದಿನ ಬಿಡ್ಬೇಕು.”

ಅವನು ಗೋಡೆಗೊರಗಿ ಕುಸಿದು ಕುಳಿತ. “ಒಡೀಬೇಕಾದ್ರೆ ನಾವೆಲ್ಲಿಗೆ ಹೋಗೋದಕ್ಕಾ?” ಚಿಕ್ಕಂದಿನಲ್ಲಿ ಜ್ವರ ಬಂದಾಗ ಇದ್ದ ಮುಖವೇ ಅದು. ಅವಳಿಂದ ನೋಡಲಾಗಲಿಲ್ಲ. ಚೌಕವನ್ನು ಪರ್ರನೆ ಕಿತ್ತಳು.

“ಮುಟ್ಟಿ ನೋಡು, ಒಣಗೇ ಇದೆ. ಹೊರಗಿನ ಸೆಕೆ ಗಾಳಿ ತಣ್ಣಗಿರೋ ನೆಲಕ್ಕೆ ತಾಗಿ ಬೆವರ್ತಿದೆ. ನೆಲ ಒಣಗ್ಲಿ ಅಂತ ಕಿಟಕಿ ತೆಗೆದಿಟ್ಟಿದ್ದೀರಲ್ಲ, ಅದೇ ಎಡವಟ್ಟು. ಮುಚ್ಚಿ ಫ್ಯಾನ್ ಹಾಕಿ.”

ತಮ್ಮ ಮುಟ್ಟಿದ, ನಕ್ಕ, ಕಿಟಕಿಗಳನ್ನೆಲ್ಲ ಮುಚ್ಚಿದ. “ಬದುಕಿದೆ ಅಕ್ಕಾ! ನಡಿ, ಬೆಳಗಿನ ಬಸ್ಸಿಗೇ ಹತ್ತಿಸಿಬಿಡ್ತೀನಿ” ಎಂದು ಅವಳ ಚೀಲ ಎತ್ತಿಕೊಂಡ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ಕೇಳಿದ: “ಇನ್ನು ಈ ನೆಲಕ್ಕೆ ಏನೂ ಆಗಲ್ಲ ತಾನೆ?”

ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

“ಇಲ್ಲಪ್ಪ” ಎಂದಳು. “ಯಾವತ್ತೂ ಏನೂ ಆಗಲ್ಲ.”